ಎಸ್‌ಎಂಪಿಎಸ್‌ಗೆ ಎಷ್ಟು ಕೊಟ್ಟೆ?

"60 ಸಾವಿರ. ಅದರ ಮೇಲೆ ಒಂದು ರೂಪಾಯಿನೂ ಕೇಳ್ಬೇಡ."

2023ರಲ್ಲಿ ನನಗೆ ಬೋನಸ್ ಬಂದ ವಾರ ಹೆಂಡತಿ ಎಳೆದ ಗೆರೆ ಇದು. ಬಾಕಿ ದುಡ್ಡನ್ನು ಹೊಸ ಬಾಡಿಗೆ ಮನೆಯ ಅಡ್ವಾನ್ಸಿಗೆ ಅಂತ ಆಗಲೇ ತೆಗೆದಿಟ್ಟಾಗಿತ್ತು. ಮೂವತ್ತು ತುಂಬಿದ ಗಂಡ ಗೇಮ್ ಆಡೋಕೆ ಕಂಪ್ಯೂಟರ್ ಬೇಕು ಅಂದಾಗ ಬೈಯದೆ ಇಷ್ಟು ಕೊಟ್ಟಿದ್ದೇ ಪುಣ್ಯ ಅಂದುಕೊಂಡು ಎಕ್ಸೆಲ್ ಶೀಟ್ ತೆರೆದು ಕೂತೆ.

ಆಫೀಸಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಗೇಮಿಂಗ್ ಲ್ಯಾಪ್‌ಟಾಪ್ ತಗೋ, ಎತ್ಕೊಂಡು ಓಡಾಡಬಹುದು. ಪ್ಲೇಸ್ಟೇಷನ್ ತಗೋ, ತಲೆನೋವೇ ಇಲ್ಲ. ಎರಡೂ ತಪ್ಪಲ್ಲ. ಆದರೆ ನನಗೆ ಒಂದೊಂದು ಪಾರ್ಟನ್ನೂ ನಾನೇ ಆರಿಸಿ, ನನ್ನ ಕೈಯಾರೆ ಜೋಡಿಸಬೇಕಿತ್ತು. ಯಾಕೆ ಅಂತ ಕೇಳಿದವರಿಗೆ "ಮುಂದೆ ಅಪ್‌ಗ್ರೇಡ್ ಮಾಡ್ಬಹುದಲ್ಲ" ಅಂತಿದ್ದೆ. ಅದು ಅರ್ಧ ನಿಜ.

ಮೂರು ವಾರ ರಾತ್ರಿ ಊಟ ಆದಮೇಲೆ ಇದೇ ಕೆಲಸ. ಎಲ್ಲರೂ ಪ್ರೊಸೆಸರ್‌ನಿಂದ ಶುರು ಮಾಡ್ತಾರೆ, ನಾನೂ ಹಾಗೇ ಮಾಡಿ ಒಂದು ವಾರ ಹಾಳು ಮಾಡಿಕೊಂಡೆ. ಶುರು ಮಾಡಬೇಕಾದ್ದು ಪರದೆಯಿಂದ. 1080ಪಿ ಪರದೆಯಲ್ಲಿ ಆಡೋದು ಅಂತ ಮೊದಲೇ ನಿರ್ಧಾರ ಮಾಡಿಕೊಂಡರೆ ಅರ್ಧ ಆಸೆಗಳು ತಾವಾಗಿಯೇ ಉದುರಿ ಹೋಗುತ್ತವೆ. ಆಮೇಲೆ ಗ್ರಾಫಿಕ್ಸ್ ಕಾರ್ಡ್. ಗೇಮಿಂಗ್ ಕಂಪ್ಯೂಟರಿನಲ್ಲಿ ದುಡ್ಡಿನ ದೊಡ್ಡ ಪಾಲು ಹೋಗಬೇಕಾದ್ದು ಅದಕ್ಕೇ. ನಾನು ಆರಿಸಿದ್ದು ಆರ್‌ಎಕ್ಸ್ 6600, 8 ಜಿಬಿಯದು. ಆರ್‌ಟಿಎಕ್ಸ್ 3050 ಅಂತ ಇನ್ನೊಂದಿತ್ತು, ಹೆಸರು ಅದರದ್ದೇ ಜೋರು, ಆದರೆ ಆಟದಲ್ಲಿ ಓಡೋದು 6600. ಹೆಸರಿಗೆ ದುಡ್ಡು ಕೊಡೋದು ಬೇಡ ಅನ್ನಿಸಿತು.

ಪ್ರೊಸೆಸರ್ ರೈಜನ್ 5 5600. ಆರು ಕೋರು, ಆಟಕ್ಕೆ ಧಾರಾಳ ಸಾಕು. ಇದರಲ್ಲೊಂದು ತಮಾಷೆ ಇದೆ. 5600, 5600ಜಿ ಅಂತ ಎರಡು ಡಬ್ಬ ಪಕ್ಕಪಕ್ಕದಲ್ಲೇ ಇಟ್ಟಿರ್ತಾರೆ. ಜಿ ಇರೋದಕ್ಕೆ ಗ್ರಾಫಿಕ್ಸ್ ಒಳಗೇ ಇರುತ್ತೆ, ಕಾರ್ಡ್ ಇಲ್ಲದೆಯೂ ಪರದೆ ಹತ್ತುತ್ತೆ, ಆದರೆ ಅದರ ಕ್ಯಾಶ್ ಮೆಮೊರಿ ಅರ್ಧ. ಬೇರೆ ಕಾರ್ಡ್ ಹಾಕುವವರಿಗೆ ಜಿ ಇಲ್ಲದ್ದೇ ವಾಸಿ. ಮೆಮೊರಿ 16 ಜಿಬಿ, ಅದೂ ಒಂದೇ ಕಡ್ಡಿ ಅಲ್ಲ, 8ರದ್ದು ಎರಡು. ಒಂದೇ ಬಾಗಿಲಿನ ಬಸ್ಸಿಗೂ ಎರಡು ಬಾಗಿಲಿನ ಬಸ್ಸಿಗೂ ಇರೋ ವ್ಯತ್ಯಾಸ ಇದು. ಸೀಟು ಅಷ್ಟೇ, ಹತ್ತಿ ಇಳಿಯೋದು ಬೇಗ.

ಒಂದು ಶನಿವಾರ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿಳಿದು ಎಸ್.ಪಿ. ರೋಡಿಗೆ ನಡೆದೆ. ಸದರ್ ಪತ್ರಪ್ಪ ರಸ್ತೆ ಅಂತ ಅದರ ಪೂರ್ತಿ ಹೆಸರು. ಬೆಂಗಳೂರಿಗೆ ಬಂದ ಹೊಸದರಲ್ಲಿ ಕೀಬೋರ್ಡ್ ತಗೊಳ್ಳೋಕೆ ಹೋದವನು ದಾರಿ ತಪ್ಪಿ ನಗರ್ತಪೇಟೆಯ ಬಟ್ಟೆ ಅಂಗಡಿಗಳ ಮಧ್ಯೆ ಸುತ್ತಿದ್ದೆ. ಈ ಸಲ ಜೇಬಲ್ಲಿ ಪಟ್ಟಿ ಇತ್ತು, ಅದಕ್ಕೆ ಧೈರ್ಯ.

ಮೊದಲ ಅಂಗಡಿಯವನು ಪಟ್ಟಿ ನೋಡಲೇ ಇಲ್ಲ. "ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, ಲೈಟಿಂಗ್ ಕ್ಯಾಬಿನೆಟ್, 25ಕ್ಕೆ ಮುಗಿಸ್ಕೊಡ್ತೀನಿ ಸರ್." ಕೇಳೋಕೆ ಎಷ್ಟು ಚೆನ್ನಾಗಿದೆ! ಗಾಜಿನ ಹಿಂದೆ ಬಣ್ಣಬಣ್ಣದ ಫ್ಯಾನುಗಳು ಬೇರೆ. ಯಾವ ತಲೆಮಾರಿನ ಐ7 ಅಂತ ಕೇಳಿದೆ. ಎರಡನೇದು. ಅಂದರೆ 2011ರದ್ದು. ಕಾರ್ಡು ಯಾವುದು? ಜಿಟಿ 730. ಆ ಕಾರ್ಡಿನ ಮೇಲೆ 4 ಜಿಬಿ ಅಂತ ಬರೆದಿರೋದು ಎತ್ತಿನಗಾಡಿಗೆ ಲಾರಿ ಟ್ಯಾಂಕ್ ಕಟ್ಟಿದ ಹಾಗೆ. ಪಕ್ಕದಲ್ಲಿ ಒಬ್ಬ ಕಾಲೇಜು ಹುಡುಗ ಅಮ್ಮನ ಜೊತೆ ಅದನ್ನೇ ನೋಡ್ತಿದ್ದ. ಹೇಳಬೇಕೋ ಬೇಡವೋ ಅಂತ ಎರಡು ನಿಮಿಷ ಒದ್ದಾಡಿ, ಕೊನೆಗೆ ಹೊರಗೆ ಬಂದಾಗ ಹೇಳಿದೆ. ಆ ಹುಡುಗ ಥ್ಯಾಂಕ್ಸ್ ಅಂದ. ಅಂಗಡಿಯವನು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಮೂರನೇ ಅಂಗಡಿಯಾತ ಒಳ್ಳೆಯ ಮನುಷ್ಯ. ಟ್ರೇ ಪೀಸ್ ಬೇಡ, ಡಬ್ಬದ್ದೇ ತಗೊಳ್ಳಿ, ಕೂಲರ್ ಜೊತೆಗೇ ಬರುತ್ತೆ, ವಾರಂಟಿನೂ ಸರಿಯಾಗಿ ಸಿಗುತ್ತೆ ಅಂತ ತಾನಾಗಿ ಹೇಳಿದ. ಬಿ450 ಬೋರ್ಡಿಗೆ ಬಯಾಸ್ ಅಪ್‌ಡೇಟ್ ಆಗದಿದ್ದರೆ ಈ ಪ್ರೊಸೆಸರ್ ಎದ್ದೇಳೋದಿಲ್ಲ ಅಂತ ಹೇಳಿ, ಎದುರಿಗೇ ಮಾಡಿಸಿಕೊಟ್ಟ. ಬಿಲ್ ಹಾಕೋಕೆ ಕೂತ. ಪ್ರೊಸೆಸರ್ 12,800, ಬೋರ್ಡು 6,700, ಮೆಮೊರಿ 3,600, 500 ಜಿಬಿ ಎಸ್‌ಎಸ್‌ಡಿ 2,700, ಗ್ರಾಫಿಕ್ಸ್ ಕಾರ್ಡ್ 21,500, ಎಸ್‌ಎಂಪಿಎಸ್ 4,200, ಕ್ಯಾಬಿನೆಟ್ 2,900, ಮಾನಿಟರ್ 8,800, ಕೀಬೋರ್ಡ್ ಮೌಸ್ 1,100. ಎಲ್ಲಾ ಸೇರಿ 64,300. (ಇದು ಆಗಿನ ಬೆಲೆ. ಇದನ್ನೇ ನಂಬಿಕೊಂಡು ಇವತ್ತು ಅಂಗಡಿಗೆ ಹೋಗಬೇಡಿ.)

4,300 ಜಾಸ್ತಿ. ನನ್ನ ಮುಖ ನೋಡಿ ಆತನೇ ದಾರಿ ತೋರಿಸಿದ. "ಈ ಕ್ಯಾಬಿನೆಟ್ ತಗೊಳ್ಳಿ ಸರ್, 2,800. ಎಸ್‌ಎಂಪಿಎಸ್ ಒಳಗೇ ಫ್ರೀ. 500 ವ್ಯಾಟ್ ಅಂತ ಬರ್ದಿದೆ ನೋಡಿ. ಅದು ಒಳಗಿರೋ ಐಟಂ, ಯಾರ ಕಣ್ಣಿಗೂ ಬೀಳಲ್ಲ." ಕ್ಯಾಲ್ಕುಲೇಟರ್ ಒತ್ತಿ ನನ್ನ ಕಡೆ ತಿರುಗಿಸಿದ. ಸರಿಯಾಗಿ 60,000. ಒಂದು ರೂಪಾಯಿ ಹೆಚ್ಚಿಲ್ಲ, ಕಮ್ಮಿ ಇಲ್ಲ.

ಟೀ ಕುಡಿದು ಬರ್ತೀನಿ ಅಂತ ಹೊರಗೆ ಬಂದೆ.

2007ರಲ್ಲಿ ನಾನು ಒಂಬತ್ತನೇ ಕ್ಲಾಸು. ನಮ್ಮದು ಶಿಕಾರಿಪುರದ ಹತ್ತಿರದ ಒಂದು ಹಳ್ಳಿ, ಅಪ್ಪ ಅಲ್ಲಿನ ಶಾಲೆಯ ಮೇಷ್ಟ್ರು. ಮುಂದೆ ಎಲ್ಲಾ ಕಂಪ್ಯೂಟರೇ ಅಂತ ಯಾರೋ ಹೇಳಿದ್ದು ಕೇಳಿ, ಪತ್ತಿನ ಸಹಕಾರ ಸಂಘದಲ್ಲಿ 24 ಸಾವಿರ ಸಾಲ ತೆಗೆದು ಶಿವಮೊಗ್ಗದಲ್ಲಿ ಒಂದು ಕಂಪ್ಯೂಟರ್ ಅಸೆಂಬಲ್ ಮಾಡಿಸಿ ತಂದಿದ್ದರು. ಎರಡು ವರ್ಷ ಸಂಬಳದಲ್ಲಿ ಕಂತು. ಅಮ್ಮ ಅದಕ್ಕೆ ಕಸೂತಿ ಹಾಕಿದ ಹೊದಿಕೆ ಹೊಲಿದಿದ್ದಳು. ನಾನು ಹಗಲು ಟೈಪಿಂಗ್ ಕಲಿಯುತ್ತಿದ್ದೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಗೆಳೆಯ ಕೊಟ್ಟ ಸೀಡಿಯಿಂದ ಹಾಕಿಕೊಂಡಿದ್ದ ವೈಸ್ ಸಿಟಿ ಆಡುತ್ತಿದ್ದೆ.

ಐದು ತಿಂಗಳಾಗಿತ್ತು. ಜುಲೈ ತಿಂಗಳ ಗಾಳಿಮಳೆಯ ಒಂದು ರಾತ್ರಿ ನಡುಮನೆಯ ಬಲ್ಬು ಇದ್ದಕ್ಕಿದ್ದ ಹಾಗೆ ಪಳ್ಳನೆ ಬೆಳಗಿತು. ಕಂಪ್ಯೂಟರಿನ ಹಿಂದೆ ಟಪ್ ಅಂತ ಸದ್ದು, ಸುಟ್ಟ ವಾಸನೆ, ಕತ್ತಲು. ಅಪ್ಪ ಟಾರ್ಚ್ ಹಿಡಿದು ಬಂದರು. "ಏನ್ ಮಾಡ್ತಿದ್ದೆ?" "ಟೈಪಿಂಗ್ ಪ್ರಾಕ್ಟೀಸು ಅಪ್ಪ."

ಬೋರ್ಡು, ಪ್ರೊಸೆಸರ್ ಎರಡೂ ಹೋಗಿದ್ದವು. ಬಿಲ್ ಇಲ್ಲದ್ದಕ್ಕೆ ವಾರಂಟಿ ಇರಲಿಲ್ಲ. ರಿಪೇರಿಗೆ ದುಡ್ಡಿರಲಿಲ್ಲ. ಸತ್ತ ಕಂಪ್ಯೂಟರಿಗೆ ಅಪ್ಪ ಇನ್ನೂ 19 ಕಂತು ಕಟ್ಟಿದರು. ಅಷ್ಟು ದಿನವೂ ಅದು ಕಸೂತಿ ಹೊದಿಕೆಯೊಳಗೆ ಮೂಲೆಯಲ್ಲಿ ಕೂತಿತ್ತು. ರಾತ್ರಿಯಿಡೀ ಗೇಮ್ ಆಡಿ ಬಿಸಿ ಮಾಡಿ ನಾನೇ ಸುಟ್ಟೆ ಅಂತ ನಾನು ನಂಬಿಕೊಂಡಿದ್ದೆ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಒಂದು ಗೇಮ್ ಹಾಕಿಕೊಂಡವನಲ್ಲ.

ಈ ಮೂರು ವಾರದ ಓದಿನಲ್ಲೇ ನನಗೆ ಗೊತ್ತಾಗಿದ್ದು, ಆಟಕ್ಕೆ ಕಂಪ್ಯೂಟರ್ ಸುಡೋದಿಲ್ಲ ಅಂತ. ಗೋಡೆಯಿಂದ ಬರೋ 230 ವೋಲ್ಟನ್ನು 12, 5, 3.3 ಅಂತ ಸಣ್ಣದಾಗಿ ಮಾಡಿ ಹಂಚೋದು ಎಸ್‌ಎಂಪಿಎಸ್. ನ್ಯೂಟ್ರಲ್ ತಂತಿ ಕಡಿದು ವೋಲ್ಟೇಜ್ ಏರಿದರೆ ಮೊದಲ ಏಟು ಅದಕ್ಕೇ. ಒಳ್ಳೆಯದಾಗಿದ್ದರೆ ತಾನು ಸತ್ತು ಉಳಿದವರನ್ನು ಉಳಿಸುವ ಸಾಧ್ಯತೆ ಹೆಚ್ಚು. ಕಳಪೆಯದು ಜೊತೆಯಲ್ಲಿ ಇದ್ದವರನ್ನೂ ಕರೆದುಕೊಂಡು ಹೋಗುತ್ತದೆ. ಮೇಲೆ ಅಂಟಿಸಿದ ಚೀಟಿಯಲ್ಲಿ 500 ವ್ಯಾಟ್ ಅಂತ ಇದ್ದರೆ ಒಳಗೆ ಅಷ್ಟಿದೆ ಅಂತಲೂ ಅಲ್ಲ. 80 ಪ್ಲಸ್ ಮುದ್ರೆ ಕೂಡ ಕರೆಂಟ್ ಎಷ್ಟು ಪೋಲಾಗದೆ ಬಳಕೆಯಾಗುತ್ತೆ ಅನ್ನೋದನ್ನಷ್ಟೇ ಹೇಳುತ್ತೆ. ರಕ್ಷಣೆಯ ವ್ಯವಸ್ಥೆ ಇದೆಯಾ ಅಂತ ಬೇರೆ ಓದಬೇಕು. ನನ್ನ ಕಾರ್ಡು 132 ವ್ಯಾಟಿನದು, ಪ್ರೊಸೆಸರ್ 65ರದ್ದು. 550 ವ್ಯಾಟ್ ಬೇಕಾದ್ದಕ್ಕಿಂತ ಜಾಸ್ತಿಯೇ. ಬೇಕಿದ್ದದ್ದು ವ್ಯಾಟ್ ಅಲ್ಲ, ನಂಬಿಕೆ ಇಡಬಹುದಾದ ಡಬ್ಬ.

ಟೀ ಅಂಗಡಿಯಿಂದಲೇ ಆಫೀಸಿನ ಗೆಳೆಯನಿಗೆ ಫೋನ್ ಮಾಡಿದೆ. ಅವನ ಹಳೇ 24 ಇಂಚಿನ ಮಾನಿಟರ್ ಅಟ್ಟದ ಮೇಲಿದೆ ಅಂತ ಯಾವಾಗಲೋ ಹೇಳಿದ್ದ. 3,500ಕ್ಕೆ ಒಪ್ಪಿದ. ಒಂದು ಮೂಲೆಯಲ್ಲಿ ಸಣ್ಣ ಗೀರಿದೆ, ಪರವಾಗಿಲ್ಲ. ಹೊಸ ಲೆಕ್ಕ 59,000. ಉಳಿದ ಸಾವಿರಕ್ಕೆ ಒಂದು ಸ್ಪೈಕ್ ಗಾರ್ಡ್. ಅಂಗಡಿಯಾತ "ಎಸ್‌ಎಂಪಿಎಸ್‌ಗೆ ಯಾಕೆ ಸರ್ ಇಷ್ಟು ಹಟ" ಅಂತ ನಕ್ಕ. ಪಕ್ಕಾ ಬಿಲ್ ಹಾಕಿಸಿಕೊಂಡೆ, 18% ಜಿಎಸ್‌ಟಿ ಸಮೇತ.

ಜೋಡಿಸಿದ ಕಥೆ ದೊಡ್ಡದೇನಲ್ಲ. ಭಾನುವಾರ ಬೆಳಗ್ಗೆ ಶುರು ಮಾಡಿ ಮಧ್ಯಾಹ್ನ ಮುಗಿಸಿದೆ. ಸ್ವಿಚ್ ಹಾಕಿದರೆ ಫ್ಯಾನ್ ತಿರುಗ್ತಿದೆ, ಪರದೆ ಕಪ್ಪು. ಎರಡು ಗಂಟೆ ಬೆವರಿದೆ. ಮೆಮೊರಿ ತೆಗೆದು ಹಾಕಿದೆ, ಮತ್ತೆ ತೆಗೆದು ಹಾಕಿದೆ. ಕೊನೆಗೆ ಕಾಫಿ ತಂದ ಹೆಂಡತಿ ಹಿಂದೆ ಬಗ್ಗಿ ನೋಡಿ, "ಈ ವೈರ್ ಮೇಲೆ ಹಾಕಿದೀಯ, ಕೆಳಗೂ ಅಂಥದ್ದೇ ತೂತಿದೆಯಲ್ಲ" ಅಂದಳು. ಮಾನಿಟರ್ ವೈರನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕೋ ಬದಲು ಬೋರ್ಡಿಗೆ ಹಾಕಿದ್ದೆ. ಜಿ ಇಲ್ಲದ ಪ್ರೊಸೆಸರ್ ಬಗ್ಗೆ ಅಷ್ಟು ಪಾಠ ಓದಿದವನು ನಾನೇ.

ಎರಡು ತಿಂಗಳು ಕಳೆದು ಅಪ್ಪ ಕಣ್ಣಿನ ತಪಾಸಣೆಗೆ ಅಂತ ಬೆಂಗಳೂರಿಗೆ ಬಂದರು. ರಾತ್ರಿ ಊಟ ಆದಮೇಲೆ ಮೇಜಿನ ಹತ್ತಿರ ನಿಂತು ಕ್ಯಾಬಿನೆಟ್ಟಿನ ಗಾಜಿನೊಳಗೆ ಬಹಳ ಹೊತ್ತು ನೋಡಿದರು. ಇದು ಏನು, ಅದು ಏನು ಅಂತ ಕೇಳಬಹುದು ಅಂದುಕೊಂಡೆ. ಅವರು ಕೇಳಿದ್ದು ಒಂದೇ.

"ಇದರ ಎಸ್‌ಎಂಪಿಎಸ್‌ಗೆ ಎಷ್ಟು ಕೊಟ್ಟೆ?"

ರಿಟೈರಾದ ಕನ್ನಡ ಮೇಷ್ಟ್ರ ಬಾಯಲ್ಲಿ ಆ ಪದ! 4,200 ಅಂದೆ. ತಲೆಯಾಡಿಸಿದರು. ಆ ಧೈರ್ಯದಲ್ಲಿ ನಾನೂ ಹೇಳಿಬಿಟ್ಟೆ, ಆವತ್ತು ರಾತ್ರಿ ಟೈಪಿಂಗ್ ಮಾಡ್ತಿರಲಿಲ್ಲ ಅಪ್ಪ, ಗೇಮ್ ಆಡ್ತಿದ್ದೆ ಅಂತ.

"ಗೊತ್ತು. ಟೈಪಿಂಗ್ ಮಾಡೋವಾಗ ಪೊಲೀಸ್ ಸೈರನ್ ಕೇಳ್ಸುತ್ತೇನೋ?" ಅಂದರು. ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆ ಅಂಗಡಿಯವನು ಹೇಳಿದ್ದ. ಒಳ್ಳೇ ಎಸ್‌ಎಂಪಿಎಸ್ ಹಾಕಿಸಿ ಸಾರ್, ಇನ್ನೊಂದು ಎಂಟುನೂರು ಆಗುತ್ತೆ, ನಿಮ್ಮ ಕಡೆ ಕರೆಂಟ್ ಸರಿ ಇಲ್ಲ ಅಂತ. ನಾನೇ ಬೇಡ ಅಂದೆ. ಬಿಲ್ಲೂ ನಾನೇ ಬೇಡ ಅಂದಿದ್ದು" ಅಂದರು.

ನಮ್ಮೂರ ಮನೆಯ ಹಿತ್ತಿಲಲ್ಲಿ ಒಂದು ಅರ್ಥಿಂಗ್ ಗುಂಡಿ ಇದೆ. ಇದ್ದಿಲು, ಉಪ್ಪು ತುಂಬಿಸಿ ತಾವೇ ನಿಂತು ಮಾಡಿಸಿದ್ದು. ಪ್ರತಿ ಬೇಸಿಗೆಯಲ್ಲಿ ಅದಕ್ಕೆ ಬಿಂದಿಗೆಗಟ್ಟಲೆ ನೀರು ಹೊಯ್ಯುತ್ತಾರೆ. ಅಮ್ಮನೂ ನಾನೂ ಅದನ್ನು ಆಡಿಕೊಂಡು ನಗ್ತಿದ್ದೆವು, ಅಪ್ಪನಿಗೆ ತುಳಸಿಕಟ್ಟೆಗಿಂತ ಅದೇ ಹೆಚ್ಚು ಅಂತ. ಯಾವ ವರ್ಷ ಅದನ್ನು ತೋಡಿಸಿದ್ದು ಅಂತ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

"ಈ ಮನೆಯಲ್ಲಿ ಅರ್ಥಿಂಗ್ ಸರಿ ಇದೆಯಾ?" ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಮಾರನೇ ದಿನ ಅವರೇ ಬೀದಿ ಕೊನೆಯ ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ಬಂದು ಪ್ಲಗ್ ಪಾಯಿಂಟ್ ನೋಡಿಸಿದರು. ಅರ್ಥ್ ತಂತಿ ಸಡಿಲವಾಗಿ ನೇತಾಡ್ತಿತ್ತು. 60 ಸಾವಿರದ ಲೆಕ್ಕದಲ್ಲಿ ನಾನು ಬರೆಯದೆ ಬಿಟ್ಟಿದ್ದ ಐಟಂ ಅದು; 150 ರೂಪಾಯಿ, ಅಪ್ಪನೇ ಕೊಟ್ಟರು.

ಸಂಜೆ ಅವರು ಮತ್ತೆ ಮೇಜಿನ ಹತ್ತಿರ ಬಂದರು. "ಆ ಸೈರನ್ ಆಟ ಈಗ ಇಲ್ವಾ?" ಇದೆ, ಹೊಸ ರೂಪದಲ್ಲಿ ಬಂದಿದೆ ಅಂತ ಹಾಕಿ ಕೊಟ್ಟೆ. ಕನ್ನಡಕ ಏರಿಸಿಕೊಂಡು ಕೂತರು. ಬೈಕ್ ಓಡಿಸಿ ಮೂರು ಕಂಬಕ್ಕೆ ಗುದ್ದಿದರು, ನಾಲ್ಕನೇದಕ್ಕೆ ಪೊಲೀಸರು ಬೆನ್ನು ಹತ್ತಿದರು. ಸದ್ದು ಕೇಳಿ ಅಡುಗೆಮನೆಯಿಂದ ನನ್ನ ಹೆಂಡತಿ, "ಮಾವ, ಏನದು?" ಅಂತ ಕೂಗಿದಳು.

ಅಪ್ಪ ಪರದೆಯಿಂದ ಕಣ್ಣು ತೆಗೆಯದೆ, "ಟೈಪಿಂಗು" ಅಂದರು.