ತಪ್ಪನ್ನು ಕೇಳುವ ಕಿವಿ

ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುವವನೇ ಮೇಲ್ವಿಚಾರಕನೆಂಬ ಭಾವನೆ ಕಚೇರಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಬೇರೂರಿದೆ. ಕೈಕೆಳಗಿನವನ ತಪ್ಪನ್ನು ಹಿಡಿಯುವುದು ಆತನ ಕೆಲಸ. ಅದನ್ನು ಬಚ್ಚಿಡುವುದು ಕೈಕೆಳಗಿನವನ ಜಾಣ್ಮೆ! ಈ ಕಣ್ಣುಮುಚ್ಚಾಲೆಯಲ್ಲಿ ಕೆಡುವುದು ಮಾತ್ರ ಕೆಲಸ.

ಇದಕ್ಕಿಂತ ಬೇರೆಯಾದ ಮೇಲ್ವಿಚಾರಣೆಯೊಂದು ಜೈನ ಮುನಿಸಂಘದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮಿರಜದಿಂದ ಬೆಳಗಾವಿಗೆ ಬರುವ ರೈಲುದಾರಿಯಲ್ಲಿ ಶೇಡಬಾಳವೆಂಬ ಊರಿದೆ. 1925ರಲ್ಲಿ ಅಲ್ಲಿ ಜನಿಸಿದ ಸುರೇಂದ್ರ ಉಪಾಧ್ಯೆ ಎಂಬ ಬಾಲಕನೇ ಮುಂದೆ ವಿದ್ಯಾನಂದ ಮುನಿಗಳೆಂದು ದೇಶಕ್ಕೆಲ್ಲ ಪರಿಚಿತರಾದರು. ಅವರಿಗೆ ಕ್ಷುಲ್ಲಕ ದೀಕ್ಷೆಯಾದದ್ದು 1946ರಲ್ಲಿ. ಪೂರ್ಣ ಮುನಿದೀಕ್ಷೆ ದೊರೆತದ್ದು 1963ರಲ್ಲಿ, ಚಿಕ್ಕೋಡಿ ಸೀಮೆಯವರೇ ಆದ ಆಚಾರ್ಯ ದೇಶಭೂಷಣರಿಂದ. ಆಚಾರ್ಯ ಪದವಿ ಬಂದದ್ದು 1987ರಲ್ಲಿ. ಅನ್ಯರನ್ನು ನಡೆಸುವ ಅಧಿಕಾರ ಅಲ್ಲಿ ಅಷ್ಟು ನಿಧಾನವಾಗಿ ಕೈಸೇರುತ್ತದೆ.

ಸಂಘದಲ್ಲಿ ಪಾಠ ಹೇಳುವವರು ಉಪಾಧ್ಯಾಯರು. ನಡತೆಗೆ ಹೊಣೆಯಾದವರು ಆಚಾರ್ಯರು. ತಾನು ಆಚರಿಸಿ, ಇತರರಿಂದಲೂ ಆಚರಿಸುವಂತೆ ಮಾಡುವವನೇ ಆಚಾರ್ಯ. ಶಿಷ್ಯನು ತನ್ನ ದೋಷವನ್ನು ತಾನಾಗಿಯೇ ಅವರಲ್ಲಿ ನಿವೇದಿಸಿಕೊಳ್ಳಬೇಕು. ಇದಕ್ಕೆ 'ಆಲೋಚನೆ' ಎಂದು ಹೆಸರು. ಅವನ ಶಕ್ತಿಯನ್ನು ಅರಿತು ಪ್ರಾಯಶ್ಚಿತ್ತ ವಿಧಿಸುವುದು ಗುರುವಿನ ಹೊಣೆ.

ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ 'ಭಗವತೀ ಆರಾಧನಾ' ಎಂಬ ಪ್ರಾಕೃತ ಗ್ರಂಥದಲ್ಲಿ ಶಿವಾರ್ಯನು ಅಂಥ ಗುರುವಿನ ಲಕ್ಷಣಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಎರಡು ವಿಶೇಷವಾದವು. ಗುರು 'ಅವಪೀಡಕ'ನಾಗಿರಬೇಕು: ಅಳುವ ಮಗುವಿನ ಬಾಯಿ ತೆರೆಸಿ ತಾಯಿ ತುಪ್ಪ ಕುಡಿಸುವಂತೆ, ಸಂಕೋಚಪಡುವ ಶಿಷ್ಯನಿಂದ ದೋಷವನ್ನು ಹೊರಡಿಸಬೇಕು. ಜೊತೆಗೆ 'ಅಪರಿಸ್ರಾವಿ'ಯೂ ಆಗಿರಬೇಕು: ಕಾದ ಕಬ್ಬಿಣ ಕುಡಿದ ನೀರು ಮರಳಿ ಬಾರದಂತೆ, ಕೇಳಿದ ದೋಷ ಅವನಿಂದ ಸೋರಬಾರದು.

ಎರಡನೆಯದಿಲ್ಲದೆ ಮೊದಲನೆಯದು ಬರಿಯ ಪೀಡೆ. ದಾದಿಯ ತರಬೇತಿಯಲ್ಲಿರುವ ತರುಣಿಯೊಬ್ಬಳು ಔಷಧದ ಅಳತೆಯಲ್ಲಿ ತಪ್ಪಿದಳೆನ್ನಿ. ಹಿರಿಯ ದಾದಿ ಹತ್ತು ಜನರೆದುರು ಹಂಗಿಸುವರೆಂಬ ಭಯವಿದ್ದರೆ ಆಕೆ ಬಾಯಿ ಬಿಡುವಳೇ? ಆಕೆಯ ಮೌನಕ್ಕೆ ಬೆಲೆ ತೆರುವವನು ಮಂಚದ ಮೇಲಿನ ರೋಗಿ. ವೈದ್ಯರಿಗೆ ತಿಳಿಸಬೇಕಾದುದನ್ನು ಕೂಡಲೇ ತಿಳಿಸಬೇಕು, ದಾಖಲೆಗೆ ಸೇರಬೇಕಾದುದು ಸೇರಲೇಬೇಕು. ಆದರೆ ಅದು ಚಹಾದ ಹೊತ್ತಿನ ಹರಟೆಗೆ ವಸ್ತುವಾಗಬೇಕಿಲ್ಲ.

ಮುನಿಸಂಘದ ಕಠಿಣ ವ್ರತ ಎಲ್ಲರಿಗೂ ಸಾಧ್ಯವಲ್ಲ. ಆದರೆ ತಪ್ಪು ಮಾಡಿದವನು ಮೊದಲು ಓಡಿಬಂದು ಹೇಳುವುದು ತನ್ನ ಬಳಿಗೇ ಎಂಬ ಧೈರ್ಯ ಯಾವ ಮೇಲ್ವಿಚಾರಕನಿಗೆ ಇದೆಯೋ, ಅವನಿಗೆ ಕೆಂಪು ಶಾಯಿಯ ಅಗತ್ಯ ಅಷ್ಟಾಗಿ ಬೀಳದು.