ಬಳೆಯ ಲೆಕ್ಕದಲ್ಲಿ ಕೈಗೆಷ್ಟು ಕೂಲಿ?

ರೇಷ್ಮೆ ದಾರದ ಬಳೆ ಮಾಡುತ್ತೇವೆ ಎಂದು ಗೊತ್ತಾದವರೆಲ್ಲ ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: 'ಒಂದು ಸೆಟ್ಟಿಗೆ ಎಷ್ಟು ಉಳಿಯುತ್ತೆ?' ಕೇಳುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಯೂಟ್ಯೂಬ್ ನೋಡಿ ಕಲಿತವರು, ಸಂಘದಲ್ಲಿ ತರಬೇತಿ ಪಡೆದವರು, ಮನೆಯಲ್ಲೇ ಕೂತು ಏನಾದರೂ ಮಾಡಬೇಕು ಎಂದುಕೊಂಡವರು. ಅವರಿಗೆಲ್ಲ ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇವೆ.

ನಾವು ಅಂದರೆ ಅತ್ತಿಗೆ ನಾದಿನಿ. ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯವರು. ಬಳೆ ಕೆಲಸ ಮುಖ್ಯವಾಗಿ ಅತ್ತಿಗೆಯದು. ನಮ್ಮಲ್ಲಿ ಇನ್ನೊಬ್ಬಳು ಪತ್ರಿಕೆಗೆ ಸುದ್ದಿ ಕಳಿಸುವವಳು. ಕೊಬ್ಬರಿ ಹರಾಜು, ಗ್ರಾಮಸಭೆ, ಚಿರತೆ ಕಾಣಿಸಿಕೊಂಡ ಸುದ್ದಿ ಎಲ್ಲ ಮುಗಿಸಿ ಬಂದು ರಾತ್ರಿ ಕಲ್ಲು ಅಂಟಿಸುತ್ತಾಳೆ. ಲೆಕ್ಕದ ಪುಸ್ತಕವೂ ಅವಳ ಕೈಯಲ್ಲೇ.

ಮೊದಲು ಹೆಸರಿನ ವಿಷಯ. ರೇಷ್ಮೆ ದಾರ ಎನ್ನುತ್ತೇವೆ, ಆದರೆ ನಾವು ಬಳಸುವುದು ಕೃತಕ ರೇಷ್ಮೆ. ಕೇಳಿದವರಿಗೂ ಹೇಳುತ್ತೇವೆ, ಕೇಳದವರಿಗೂ ಹೇಳುತ್ತೇವೆ. ಒಳಗಿರುವುದು ಪ್ಲಾಸ್ಟಿಕ್ ಬಳೆ. ಅದರ ಮೇಲೆ ಇಪ್ಪತ್ತು ಇಪ್ಪತ್ತೈದು ಎಳೆ ದಾರವನ್ನು ಒಟ್ಟಿಗೆ ಹಿಡಿದು, ಒಂದರ ಮೇಲೊಂದು ಏರದಂತೆ, ನಡುವೆ ಪ್ಲಾಸ್ಟಿಕ್ ಇಣುಕದಂತೆ ಸುತ್ತಬೇಕು. ನೋಡಲು ಸುಲಭ. ನಾಲ್ಕನೇ ಬಳೆಗೆ ಬೆರಳು ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಗಮ್ ಬೇಗ ಒಣಗುವುದಿಲ್ಲ, ಅಷ್ಟರಲ್ಲಿ ಮುಟ್ಟಿದರೆ ಕಲ್ಲು ಜಾರುತ್ತದೆ.

ಅಳತೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ವಾಪಸ್ ಬರುವ ಬಳೆಗಳೆಲ್ಲ ಬರುವುದು ಇದೇ ಕಾರಣಕ್ಕೆ. 2.4, 2.6, 2.8 ಎಂದು ಎಲ್ಲರೂ ಹೇಳುತ್ತಾರೆ. ಚುಕ್ಕಿಯ ನಂತರದ ಅಂಕಿ ಹದಿನಾರರ ಲೆಕ್ಕ, ಹತ್ತರದ್ದಲ್ಲ. 2.4 ಅಂದರೆ ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಎರಡೂಕಾಲು ಇಂಚು. 2.8 ಅಂದರೆ ಎರಡೂವರೆ ಇಂಚು. ನಡುವಿನ 2.6 ಸುಮಾರು 60 ಮಿಲಿಮೀಟರ್. ಈ ಅಳತೆ ಬಳೆಯ ಒಳಗಿನ ಅಗಲದ್ದು. ದಾರ ಸುತ್ತಿದ ಮೇಲೆ ಒಳಗೂ ಸ್ವಲ್ಪ ಬಿಗಿಯಾಗುತ್ತದೆ. ಹಾಗಾಗಿ ನಾವು 'ಯಾವ ಸೈಜು?' ಎಂದು ಕೇಳುವುದಿಲ್ಲ. 'ಈಗ ಹಾಕಿಕೊಂಡಿರೋ ಬಳೆ ತೆಗೆದು, ಮಗುವಿನ ಸ್ಕೇಲಿನ ಮೇಲಿಟ್ಟು ಫೋಟೊ ಕಳಿಸಮ್ಮ' ಎನ್ನುತ್ತೇವೆ.

ಬಣ್ಣವೂ ಹಾಗೇ. ವಾಟ್ಸ್‌ಆಪ್‌ನಲ್ಲಿ ಬಂದ ಸೀರೆಯ ಫೋಟೊ ಒಂದೊಂದು ಫೋನಿನಲ್ಲಿ ಒಂದೊಂದು ಬಣ್ಣ. ಮದುವೆ, ಸೀಮಂತದ ಆರ್ಡರ್ ಆದರೆ ಬ್ಲೌಸ್ ಪೀಸಿನ ಬೆರಳಗಲದ ಚೂರು ಬೇಕೇ ಬೇಕು. ಬಸ್ಸಿನ ಕಂಡಕ್ಟರ್ ಅಣ್ಣಂದಿರ ಕೈಯಲ್ಲಿ ಅಂಥ ಚೂರುಗಳು ಎಷ್ಟು ಬಂದಿವೆಯೋ!

ಸೀಮಂತ ಅಂದಾಗ ಒಂದು ಮಾತು. ನಮ್ಮ ಕಡೆ ಬಸುರಿಗೆ ತೊಡಿಸುವುದು ಹಸಿರು ಗಾಜಿನ ಬಳೆ. 'ಸದ್ದಿಲ್ಲದ್ದು ಎಂಥ ಬಳೆಯೇ?' ಎಂದು ಅಜ್ಜಿಯಂದಿರು ನಮ್ಮ ಬಳೆಯನ್ನು ತಿರುಗಿಸಿ ನೋಡುತ್ತಾರೆ. ಅವರು ಹೇಳುವುದು ಸರಿ. ಬಳೆಗಾರರ ಜಾಗಕ್ಕೆ ನಾವು ಹೋಗುವುದಿಲ್ಲ. ಗಾಜಿನ ಬಳೆ ಅವರಲ್ಲೇ ಕೊಳ್ಳಿ, ಅದರ ಆಚೀಚೆ ಹಾಕಲು ಎರಡು ಕಡಗ ನಮ್ಮಲ್ಲಿ ತೆಗೆದುಕೊಳ್ಳಿ ಎನ್ನುತ್ತೇವೆ.

ಈಗ ದುಡ್ಡಿನ ಲೆಕ್ಕ. ನಾಲ್ಕು ಸಣ್ಣ ಬಳೆ, ಎರಡು ಕಡಗ ಸೇರಿ ಒಂದು ಸೆಟ್. ಬರೀ ಬಳೆಗೆ 18 ರೂಪಾಯಿ, ದಾರ 14, ಕಲ್ಲು ಮತ್ತು ಚೈನು 22, ಗಮ್ 6, ಡಬ್ಬಿ 8. ಎರಡು ತಿಂಗಳಿಗೊಮ್ಮೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಚಿಕ್ಕಪೇಟೆ ಸುತ್ತಿನ ಗಲ್ಲಿಗಳಲ್ಲಿ ಸಾಮಾನು ತರುವ ಖರ್ಚನ್ನು ಹಂಚಿದರೆ ಸೆಟ್ಟಿಗೆ 7. ಒಟ್ಟು 75. ನಾವು ಮಾರುವುದು 250ಕ್ಕೆ. ಇದನ್ನು ಕೇಳಿದವರು ತಕ್ಷಣ 'ಅಯ್ಯೋ, 175 ಲಾಭವಾ!' ಎನ್ನುತ್ತಾರೆ.

ಒಂದು ಸೆಟ್ಟಿಗೆ ಮೂರು ಗಂಟೆ ಹಿಡಿಯುತ್ತದೆ. ಆ ಮೂರು ಗಂಟೆಗೆ ಬೆಲೆ ಎಷ್ಟು? ಇದಕ್ಕೆ ನಾವು ಹಿಡಿದ ಅಳತೆಗೋಲು ಉದ್ಯೋಗ ಖಾತ್ರಿಯ ಕೂಲಿ. 2025-26ಕ್ಕೆ ಕರ್ನಾಟಕದಲ್ಲಿ ಅದು ದಿನಕ್ಕೆ 370 ರೂಪಾಯಿ. ತೋಟದ ಕೂಲಿಯನ್ನು ಬಿಟ್ಟು ಇದನ್ನೇ ಹಿಡಿಯಲು ಕಾರಣವಿದೆ: ಇಲ್ಲಿ ಹೆಣ್ಣಾಳು, ಗಂಡಾಳು ಇಬ್ಬರಿಗೂ ಒಂದೇ ದರ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46 ರೂಪಾಯಿ ಚಿಲ್ಲರೆ, ಮೂರು ಗಂಟೆಗೆ 139. ಸಾಮಾನಿನ 75 ಸೇರಿದರೆ 214. ಲಾಭ ಎಂದು ಕರೆಯಬಹುದಾದದ್ದು 36 ರೂಪಾಯಿ. ಕೆಟ್ಟ ಬಳೆ, ವಾಪಸ್ ಬಂದ ಬಳೆ, ಮಾರಾಟವಾಗದೆ ಉಳಿದ ಬಣ್ಣ ಎಲ್ಲವೂ ಆ 36ರಲ್ಲೇ ಆಗಬೇಕು.

ಈ ಲೆಕ್ಕಕ್ಕೆ ಪರೀಕ್ಷೆ ಬಂದದ್ದು ವರಮಹಾಲಕ್ಷ್ಮಿ ಹಬ್ಬಕ್ಕೆ ಮೊದಲು. ಪೇಟೆಯ ಅಂಗಡಿಯವರೊಬ್ಬರು 200 ಸೆಟ್ ಕೇಳಿದರು. ಸೆಟ್ಟಿಗೆ 120. ದುಡ್ಡು ಮಾರಾಟವಾದ ಮೇಲೆ, ಉಳಿದದ್ದು ವಾಪಸ್. ಸಾಮಾನು ಕಳೆದರೆ ಕೈಗೆ 45 ರೂಪಾಯಿ, ಅಂದರೆ ಗಂಟೆಗೆ 15. ದಿನವಿಡೀ ಕೂತರೆ 120.

'ಬೇಡ ಅತ್ತಿಗೆ' ಎಂದು ಲೆಕ್ಕ ಬರೆಯುವವಳು ಅಂದಳು. ಅತ್ತಿಗೆ ಒಪ್ಪಲಿಲ್ಲ. ಮಗನ ಹಾಸ್ಟೆಲ್ ಫೀಸಿನ ಎರಡನೇ ಕಂತು ಬಾಕಿ ಇತ್ತು. 'ಆಷಾಢದಲ್ಲಿ ಯಾರು ಬಳೆ ಕೇಳ್ತಾರೆ? ಸುಮ್ನೆ ಕೂತ್ರೆ ಸೊನ್ನೆ. ಮಾಡಿದ್ರೆ ಹದಿನೈದಾದ್ರೂ ಬರುತ್ತಲ್ಲ' ಎಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು: 'ನಿನ್ನ ಪೇಪರಿನವರು ಸುದ್ದಿಗೆ ಇಷ್ಟು ಅಂತ ಕೊಡ್ತಾರಲ್ಲ, ಅದರಲ್ಲಿ ನಿನ್ನ ಗಂಟೆ ಎಲ್ಲಿದೆ, ಪೆಟ್ರೋಲ್ ಎಲ್ಲಿದೆ? ನಿನ್ನ ಲೆಕ್ಕ ನೀನು ಬರ್ಕೊಂಡಿದೀಯಾ?'

ಅದಕ್ಕೆ ಮನೆಯಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ಅದೇ ಪುಸ್ತಕದ ಹಿಂದಿನ ಪುಟದಿಂದ ಈಗ ಸುದ್ದಿಯ ಗಂಟೆಯನ್ನೂ ಬರೆಯುತ್ತಿದ್ದೇವೆ. ಆ ಅಂಕಿ ಇಲ್ಲಿ ಬೇಡ, ಬಳೆಯದ್ದೇ ವಾಸಿ ಎನಿಸುತ್ತದೆ.

ಎರಡು ದಿನ ಮಾತು ಬೆಳೆದ ಮೇಲೆ ಅತ್ತಿಗೆಯೇ ದಾರಿ ಹುಡುಕಿದರು. ಕಲ್ಲು ತೆಗೆದರೆ 22 ರೂಪಾಯಿ ಉಳಿಯುತ್ತದೆ, ಅಂಗಡಿಗೆ ಡಬ್ಬಿ ಬೇಕಿಲ್ಲ, ಅದು 8. ಕೆಲಸ ಎರಡು ಗಂಟೆಗೆ ಇಳಿಯುತ್ತದೆ. ಸಾಮಾನು 45, ಕೂಲಿ ತೊಂಬತ್ತೆರಡೂವರೆ, ಒಟ್ಟು ನೂರಾ ಮೂವತ್ತೇಳೂವರೆ. 140 ಎಂದು ಹೇಳಿದೆವು, ಅರ್ಧ ದುಡ್ಡು ಮೊದಲೇ ಎಂದೂ ಹೇಳಿದೆವು. ಅಂಗಡಿಯವರು 200 ಬೇಡ ಎಂದು 60 ತೆಗೆದುಕೊಂಡರು. 4,200 ರೂಪಾಯಿ ಮುಂಗಡ ಬಂತು, ಉಳಿದರ್ಧ ಗೌರಿ ಹಬ್ಬ ಕಳೆದ ಮೇಲೆ ಬಂತು. ಫೀಸಿಗೆ ಸಾಲಲಿಲ್ಲ. ಸಂಘದಲ್ಲಿ ಸಾಲ ತೆಗೆದು ಕಟ್ಟಿದೆವು. 200 ಸೆಟ್ ಒಪ್ಪಿದ್ದರೆ ಸಾಲ ಬೇಕಿರಲಿಲ್ಲ ಎಂದು ಅತ್ತಿಗೆ ಈಗಲೂ ಒಮ್ಮೊಮ್ಮೆ ಅನ್ನುತ್ತಾರೆ. ಮಾಲು ವಾಪಸ್ ಬಂದಿದ್ದರೆ ಎಂದು ಇನ್ನೊಬ್ಬಳು ಅನ್ನುತ್ತಾಳೆ.

ಕಾಗದಪತ್ರದ ಬಗ್ಗೆ ಕೇಳುವವರಿಗೆ: ಉದ್ಯಮ್ ನೋಂದಣಿಗೆ ಸರ್ಕಾರ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ, ಆಧಾರ್ ಇದ್ದರೆ ಫೋನಿನಲ್ಲೇ ಆಗುತ್ತದೆ. ಫೀಸು ಕೇಳುವ ವೆಬ್‌ಸೈಟು ಸಿಕ್ಕರೆ ಮುಚ್ಚಿಬಿಡಿ. ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನಾವಂತೂ ಆ ಚಿಂತೆಯಿಂದ ಬಹಳ ದೂರದಲ್ಲಿದ್ದೇವೆ. ಮುದ್ರಾದ ಶಿಶು ಸಾಲ 50,000ದವರೆಗೆ ಸಿಗುತ್ತದೆ. ಆದರೆ ಮೊದಲು ಮೂರು ತಿಂಗಳು ಗಂಟೆ ಬರೆದು ನೋಡಿ, ಆಮೇಲೆ ಬ್ಯಾಂಕಿಗೆ ಹೋಗಿ.

ಅಂಗಡಿಯವರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ದೀಪಾವಳಿಗೆ 40 ಸೆಟ್, ಕಲ್ಲಿನವೇ ಬೇಕು, 160 ಕೊಡುತ್ತೇನೆ ಎಂದರು. ಅತ್ತಿಗೆ ಪುಸ್ತಕ ತೆಗೆಯಲಿಲ್ಲ. 'ಇನ್ನೂರ ಹತ್ತು ಅಣ್ಣ' ಎಂದರು. ನೋಡಿ ಹೇಳ್ತೀನಿ ಎಂದು ಅವರು ಫೋನ್ ಇಟ್ಟಿದ್ದಾರೆ.