ನೆರಳಿನಲ್ಲಿ ಒಣಗಿದ್ದು

ವಿಜಯಪುರದ ಅಥಣಿ ರಸ್ತೆಯಲ್ಲಿ ಮನೆ ಕಟ್ಟಿದವನಿಗೆ ಮಲೆನಾಡಿನ ಖಯಾಲಿ ಇರಬಾರದು. ನನಗಿತ್ತು. ಶಿರಸಿಯ ನೆಂಟರ ಬಚ್ಚಲ ಹಿಂದಿನ ಧರೆಯಲ್ಲಿ ಯಾರೂ ನೆಡದೆ, ಯಾರೂ ಕೇಳದೆ ಬೆಳೆದ ಜರೀಗಿಡ ಕಂಡು ಆಸೆಯಾಯಿತು. ಸಂಕ್ರಾಂತಿ ಮುಗಿಸಿ ಹೊರಟಾಗ ನಾಲ್ಕು ಬುಡ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಪಕ್ಕದವರು ಕೂಸೆಂದು ತಿಳಿದು ಸರಿದು ಕೂತರು.

ನೆರಳಿಗೆ ಕೊರತೆಯಿರಲಿಲ್ಲ. ಅಂಗಳದ ಮೂಲೆಯಲ್ಲಿ ಅಪ್ಪ ಹಚ್ಚಿದ ಬೇವಿನ ಗಿಡವಿದೆ. (ನಮ್ಮ ಕಡೆ ಮರಕ್ಕೂ ಗಿಡವೆಂದೇ ಹೆಸರು, ಎಷ್ಟು ಎತ್ತರ ಬೆಳೆದರೂ ಬಡ್ತಿಯಿಲ್ಲ.) ಅದರ ಕೆಳಗೆ ಎರೆಮಣ್ಣಿನ ಕುಂಡಗಳಲ್ಲಿ ಸಾಲಾಗಿ ಕೂರಿಸಿದೆ. ಪಕ್ಕದ ಮನೆಯ ಆಯಿ ಬಗ್ಗಿ ನೋಡಿ, "ಇದರ ತಪ್ಪಲ ಪಲ್ಯ ಮಾಡತಾರೇನೋ ತಮ್ಮಾ?" ಅಂದಳು. ಇಲ್ಲವೆಂದೆ. "ಹೂವು?" ಬಿಡೂದಿಲ್ಲ. "ಕಾಯಿ?" ಅದೂ ಇಲ್ಲ. "ಹಂಗಾರ ನೀರು ಯಾಕ ದಂಡ ಮಾಡ್ತಿ?"

ಕೊಡಗಿನಲ್ಲಿ ಮಳೆಗಾಲಕ್ಕೆ ತೆರ್ಮೆ ಎಂಬ ಜರಿಯ ಸುರುಳಿ ಚಿಗುರಿನ ಪಲ್ಯ ಮಾಡುತ್ತಾರೆಂಬುದು ಬಾಯಿತುದಿಗೆ ಬಂದಿತ್ತು. ಹೇಳಲಿಲ್ಲ. ಎಲ್ಲ ಜರಿಯೂ ತಿನ್ನುವಂಥದ್ದಲ್ಲ. ಆಯಿಯ ಒಗ್ಗರಣೆಗೆ ಆ ಭೇದ ತಿಳಿಯದು.

ಮಾರ್ಚಿನಲ್ಲಿ ನಾಲ್ಕೂ ಮುರುಟಿದವು. ತಿಕೋಟಾದ ದ್ರಾಕ್ಷಿ ಬೆಳೆಗಾರ ಗೆಳೆಯನ ಮುಂದೆ ಗೋಳಾಡಿದೆ: ದಿನಾ ನೀರು ಹಾಕಿದೆ, ನೆರಳಿನಲ್ಲೇ ಇಟ್ಟಿದ್ದೆ, ಆದರೂ ಒಣಗಿದವು. ಅವನು ನಕ್ಕ. "ನಾ ಮಣೂಕ ಎಲ್ಲಿ ಮಾಡ್ತೀನಿ ಅನ್ಕೊಂಡಿ? ನೆರಳಾಗ!"

ಅವನ ಶೆಡ್ಡು ನೋಡಿದ್ದೆ, ಬುದ್ಧಿ ಓಡಿರಲಿಲ್ಲ. ಹಂತ ಹಂತವಾಗಿ ಬಲೆ ಕಟ್ಟಿ, ಮೇಲೆ ತಗಡು, ಬದಿಗೆ ಹಸಿರು ನೆಟ್ಟು. ಬಿಸಿಲು ಒಳಗೆ ಬರಬಾರದು, ಗಾಳಿ ಆಡಬೇಕು. 15–20 ದಿನಕ್ಕೆ ರಸದುಂಡೆಯಂಥ ದ್ರಾಕ್ಷಿ ಸುಕ್ಕಾಗುತ್ತದೆ. ನಾನೂ ಅಂಗಳದಲ್ಲಿ ಮಾಡಿದ್ದು ಅದನ್ನೇ, ಡಿಪ್ಪಿಂಗ್ ಎಣ್ಣೆ ಒಂದಿಲ್ಲದೆ. ಜರಿಗೆ ಬೇಕಾದದ್ದು ಬರೀ ನೆರಳಲ್ಲ, ಒದ್ದೆ ಗಾಳಿ. ಶಿರಸಿಯಲ್ಲಿ 2000 ಮಿಲಿಮೀಟರ್ ದಾಟುವ ಮಳೆ ಅದನ್ನು ಪುಕ್ಕಟೆ ಕೊಡುತ್ತದೆ. ಸುಮಾರು 600 ಮಿಲಿಮೀಟರಿನ ನಮ್ಮೂರಲ್ಲಿ ಕೊಳ್ಳಬೇಕು.

ಲಂಡನ್ನಿನ ವಾರ್ಡ್ ಎಂಬ ವೈದ್ಯನಿಗೂ ಇದೇ ಪೇಚಾಟವಿತ್ತು. ಊರ ಹೊಗೆಗೆ ಅವನ ಜರಿಗಳು ಸಾಯುತ್ತಿದ್ದವು. ಪತಂಗದ ಕೋಶಕ್ಕೆಂದು ಮುಚ್ಚಿಟ್ಟ ಸೀಸೆಯೊಳಗೆ ಒಂದು ಜರಿ ತಾನಾಗಿ ಹುಟ್ಟಿದ್ದು ಕಂಡು ಗಾಜಿನ ಪೆಟ್ಟಿಗೆ ಮಾಡಿಸಿದ. ನಾನೂ ಯೋಚಿಸಿದೆ. ಆದರೆ ಮೇ ತಿಂಗಳಲ್ಲಿ ಅಥಣಿ ರಸ್ತೆಯ ಗಾಜಿನ ಪೆಟ್ಟಿಗೆಯೊಳಗೆ ಪಲ್ಯ ತಾನಾಗಿಯೇ ಆದೀತು, ಆಯಿಯ ಆಸೆಯೂ ತೀರೀತು.

ಬದುಕಿಸಿದವಳು ಮನೆಯಾಕೆ, ಅದೂ ಬೇಕಂತಲ್ಲ. ಸೋರುವ ನೀರಿನ ಹರವಿಯ ಕೆಳಗೆ ಅಂಗಳ ಕೆಸರಾಗದಿರಲೆಂದು ಸತ್ತ ಕುಂಡಗಳನ್ನು ಒಟ್ಟಿದ್ದಳು. ಮಿರಗದ ಮೋಡ ಕಟ್ಟುವ ಹೊತ್ತಿಗೆ ಮೂರರಲ್ಲಿ ಪಿಟೀಲಿನ ತಲೆಯಂಥ ಸುರುಳಿ ಎದ್ದಿತ್ತು. ಎಲೆ ಸತ್ತಿತ್ತು, ಬುಡ ಸತ್ತಿರಲಿಲ್ಲ. ಆಮೇಲೆ ಎರೆಮಣ್ಣು ಚೆಲ್ಲಿ, ಕೊಳೆತ ಬೇವಿನ ಎಲೆ, ಕೆಮ್ಮಣ್ಣು, ಇಟ್ಟಂಗಿ ಚೂರು ಹಾಕಿದೆ. ಬೋರಿನ ಸವುಳು ನೀರಿಗೆ ಎಲೆತುದಿ ಸುಡುತ್ತಿತ್ತು, ಮಳೆನೀರು ಹಿಡಿದಿಟ್ಟೆ. ಎಲೆಯಡಿ ಕಂದು ಚುಕ್ಕೆ ಕಂಡು ಹುಳವೆಂದು ಸೋಪುನೀರು ಬಳಿದು ಒರೆಸಿದ್ದೂ ಉಂಟು. ಅದು ಬೀಜಕಣಗಳ ಗುಚ್ಛ, ಹೂವಿಲ್ಲದ ಗಿಡದ ಇಡೀ ಸಂಸಾರ.

ಇಷ್ಟಕ್ಕೆ ಶಿರಸಿಯವರೆಗೆ ಹೋಗಬೇಕಿರಲಿಲ್ಲ. ಹಂಸಪಾದಿ ಹಳೆಯ ಬಾವಿಗಳ ಕಲ್ಲುಸಂದಿಯಲ್ಲಿ ತಾನೇ ಹುಟ್ಟುವ ಜರಿ. ಮಯೂರಶಿಖೆಯಂತೂ ಒಣನಾಡಿನದೇ: ಗೇಣುದ್ದವೂ ಇಲ್ಲದ ತಾಳೆಯಂತಿದ್ದು, ಬೇಸಿಗೆಯಲ್ಲಿ ಮುದುಡಿ, ಮಳೆ ಬಿದ್ದೊಡನೆ ಬಿಚ್ಚಿಕೊಳ್ಳುತ್ತದೆ. ಇದೇ ರಸ್ತೆಯ ತೊರವಿಯಿಂದ ಆದಿಲಶಾಹಿಗಳು ಊರಿಗೆ ನೀರು ತಂದದ್ದು ನೆಲದೊಳಗಿನ ಸುರಂಗದಲ್ಲಿ. 1620ರ ತಾಜ್ ಬಾವಡಿಯ ನೀರೂ ಮೆಟ್ಟಿಲಿಳಿದ ತಗ್ಗಿನಲ್ಲಿ, ನಾಲ್ಕು ಗೋಡೆಯ ನಡುವೆ. ಈ ಊರಲ್ಲಿ ತಂಪನ್ನು ಗಾಳಿಗೆ ತೋರಿಸಬಾರದೆಂದು ಅವರಿಗೆ ಗೊತ್ತಿತ್ತು.

ಬೇಕಿದ್ದವರು ಮುಂದಿನ ಮಿರಗ ಕೂಡಿದ ಮೇಲೆ ಬನ್ನಿ, ಒಂದು ಬುಡ ಕೊಡುತ್ತೇನೆ. ಅಲ್ಲಿಯವರೆಗೆ ಮನೆಯ ಸೋರುವ ಹರವಿಯನ್ನು ಒಗೆಯಬೇಡಿ.